ಎಪ್ಪತ್ತರ ಬಸುರಿ

ಎಪ್ಪತ್ತು ದಾಟಿದ ನನ್ನನ್ನು ಬಸುರಿ ಅಂತ ತುಂಬಿದ ಸದನದಲ್ಲಿ ಸರ್ಕಾರ ಘೋಷಿಸಿತು. ನಗಬೇಡಿ. ನಕ್ಕರೂ ಪರವಾಗಿಲ್ಲ ಬಿಡಿ, ನಮ್ಮ ಬೀದಿಯವರೆಲ್ಲ ನಕ್ಕು ನಕ್ಕು ಸುಸ್ತಾಗಿದ್ದಾರೆ, ನೀವೊಬ್ಬರು ಸೇರಿಕೊಂಡರೆ ನನ್ನ ಗಂಟೇನೂ ಹೋಗೋದಿಲ್ಲ. ಆದರೆ ಮೊದಲಿಂದ ಕೇಳಿ. ಅರ್ಧ ಕೇಳಿಸಿಕೊಂಡು ಎದ್ದು ಹೋಗಿ ಊರೆಲ್ಲ ಡಂಗುರ ಹೊಡೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ.

ನನ್ನ ಸೊಸೆ ಸದನದ ಸದಸ್ಯೆ. ವಿರೋಧ ಪಕ್ಷ. ಅವಳು ಹುಟ್ಟಿದಾಗಿಂದಲೇ ವಿರೋಧ ಪಕ್ಷ ಅಂತ ನಾನು ತಮಾಷೆ ಮಾಡ್ತೀನಿ. ಉಪ್ಪು ಜಾಸ್ತಿ ಆಯ್ತು ಅಂದರೆ ಕಮ್ಮಿ ಆಯ್ತು ಅನ್ನುವ ಪೈಕಿ. ಅವಳ ಗಂಡ, ಅಂದರೆ ನನ್ನ ಮಗ, ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದಾನೆ. ಊರಿನವರ ಗಡಿಯಾರವನ್ನೆಲ್ಲ ಸರಿ ಮಾಡ್ತಾನೆ, ತಾನು ಮಾತ್ರ ಯಾವತ್ತೂ ಊಟದ ಹೊತ್ತಿಗೆ ಸರಿಯಾಗಿ ಮನೆಗೆ ಬಂದವನಲ್ಲ. ಮನೆ ನನ್ನ ಹೆಸರಲ್ಲಿದೆ, ನಮ್ಮ ಯಜಮಾನರು ಕಟ್ಟಿಸಿದ್ದು. ಒಂದು ನಡುಮನೆ, ಎರಡು ಕೋಣೆ, ಅಡುಗೆಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಮೇಲೆ ಬರೀ ಮಾಳಿಗೆ. ಎದುರಿಗೆ ಒಂದು ಇಸ್ತ್ರಿ ಅಂಗಡಿ.

ಸೊಸೆ ರಾಜಕೀಯಕ್ಕೆ ಇಳಿದದ್ದು ಕುರ್ಚಿ ಆಸೆಗಲ್ಲ. ನನಗೊಬ್ಬಳು ಮಗಳಿದ್ದಳು. ಅವಳೂ ಸೊಸೆಯೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. “ಅಮ್ಮಾ, ಅಣ್ಣನಿಗೆ ಇವಳನ್ನೇ ತಾ” ಅಂತ ಹಟ ಹಿಡಿದು ಇವಳನ್ನು ಈ ಮನೆಗೆ ತಂದವಳೂ ಅವಳೇ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನೋವು ಶುರುವಾದಾಗ ನನ್ನ ಮಂಚದ ಮೇಲೆ ಮಲಗಿದ್ದಳು. ನಮ್ಮ ಕಡೆ ಹೆರಿಗೆ ಆಸ್ಪತ್ರೆ ಅನ್ನೋದೇ ಇರಲಿಲ್ಲ. ದೊಡ್ಡಾಸ್ಪತ್ರೆ ಊರಿನ ಆ ತುದಿಯಲ್ಲಿ, ನಡುವೆ ರೈಲ್ವೆ ಗೇಟು. ಗೇಟು ಹಾಕಿತ್ತು, ಮುಗಿಯದಷ್ಟು ಉದ್ದದ ಗೂಡ್ಸ್ ಗಾಡಿ. ವ್ಯಾನಿನೊಳಗೆ ಸೊಸೆಯ ತೊಡೆ ಮೇಲೆ ತಲೆ ಇಟ್ಟುಕೊಂಡೇ ಮಗಳು ಹೋದಳು, ಹೊಟ್ಟೆಯೊಳಗಿದ್ದ ಕೂಸೂ ಹೋಯ್ತು. ಗೇಟು ತೆಗೆದಾಗ ಡ್ರೈವರ್ ಹಿಂದಕ್ಕೆ ತಿರುಗಿ, “ಅಮ್ಮಾ, ಮುಂದಕ್ಕೆ ಹೋಗ್ಲಾ, ವಾಪಸ್ ತಿರುಗಿಸ್ಲಾ?” ಅಂತ ಕೇಳಿದ. ಆ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ.

ಅವತ್ತಿಂದ ಸೊಸೆಗೆ ಒಂದೇ ಹುಚ್ಚು. ಗೇಟಿನ ಈಚೆ ಒಂದು ಹೆರಿಗೆ ಆಸ್ಪತ್ರೆ ಆಗಬೇಕು. ಕಚೇರಿ ಕಚೇರಿ ಅಲೆದಳು, ರಸ್ತೆಯಲ್ಲಿ ಕೂತಳು, ಯಾರೂ ಕ್ಯಾರೆ ಅನ್ನಲಿಲ್ಲ. ಕೊನೆಗೆ ಚುನಾವಣೆಗೆ ನಿಂತಳು, ಗೆದ್ದೂಬಿಟ್ಟಳು. ಪ್ರತಿ ಅಧಿವೇಶನದಲ್ಲೂ ಅವಳದು ಒಂದೇ ಪ್ರಶ್ನೆ: ನಮ್ಮ ಆಸ್ಪತ್ರೆ ಎಲ್ಲಿ? ಆರೋಗ್ಯ ಮಂತ್ರಿಯದೂ ಪ್ರತಿ ಸಲ ಒಂದೇ ಉತ್ತರ: ಪರಿಶೀಲನೆಯಲ್ಲಿದೆ. ಆ ಮನುಷ್ಯನಿಗೆ ಹೆತ್ತವರು ಏನು ಹೆಸರಿಟ್ಟಿದ್ದರೋ, ನಮ್ಮ ಮನೆಯಲ್ಲಂತೂ ಅವನಿಗೆ ಪರಿಶೀಲನೆ ಅಂತಲೇ ಹೆಸರು.

ಹೀಗಿರುವಾಗ ಒಂದು ದಿನ ನಾನೂ ಮಗನೂ ಟೀವಿ ಮುಂದೆ ಕೂತಿದ್ದೆವು. ಸೊಸೆ ಎದ್ದು ಪ್ರಶ್ನೆ ಕೇಳಿದಳು. ಪರಿಶೀಲನೆ ಎದ್ದು ನಿಂತ. ಕೈಯಲ್ಲಿ ಕಾಗದ, ಮುಖದ ತುಂಬ ನಗು. “ಮಾನ್ಯ ಸಭಾಧ್ಯಕ್ಷರೇ, ಸದಸ್ಯರು ಕೇಳುತ್ತಿರುವ ಆಸ್ಪತ್ರೆ ಈಗಾಗಲೇ ಕೆಲಸ ಮಾಡುತ್ತಿದೆ. ಮೂವತ್ತು ಹಾಸಿಗೆ, ಆಪರೇಷನ್ ಕೋಣೆ, ರಕ್ತದ ವ್ಯವಸ್ಥೆ, ಆಂಬುಲೆನ್ಸ್, ಎಲ್ಲವೂ ಇದೆ. ವಿಳಾಸ ಹೀಗಿದೆ” ಅಂತ ಓದಿದ. ಬೀದಿ ನಮ್ಮದು! ಬಾಗಿಲ ನಂಬರು ನಮ್ಮದು! ಕೊನೆಗೆ ‘ಇಸ್ತ್ರಿ ಅಂಗಡಿ ಎದುರು’ ಅನ್ನೋದನ್ನೂ ಬಿಡಲಿಲ್ಲ. ಮಗ ಬಾಯಿಗೆ ಇಟ್ಟುಕೊಂಡಿದ್ದ ಟೀ ಮೂಗಿಗೆ ಬಂತು.

ಆಗಿದ್ದಿಷ್ಟು. ಪ್ರಶ್ನೆ ಕೊಡುವ ಸದಸ್ಯರು ಕೆಳಗೆ ತಮ್ಮ ಮನೆ ವಿಳಾಸ ಬರೆಯಬೇಕಂತೆ. ಉತ್ತರ ತಯಾರು ಮಾಡುವ ಮಹಾನುಭಾವರು ‘ಆಸ್ಪತ್ರೆ ಎಲ್ಲಿ?’ ಅನ್ನುವ ಪ್ರಶ್ನೆಯ ಕೆಳಗೇ ಒಂದು ವಿಳಾಸ ನೋಡಿ, ಓಹೋ ಇಲ್ಲಿದೆಯಲ್ಲ ಅಂತ ಎತ್ತಿ ಬರೆದಿದ್ದಾರೆ. ಮೂವತ್ತು ಹಾಸಿಗೆ, ಆಂಬುಲೆನ್ಸು ಎಲ್ಲ ಇನ್ಯಾವುದೋ ಊರಿನ ಹಳೇ ಉತ್ತರದಿಂದ ಬಂದು ಸೇರಿಕೊಂಡದ್ದು. ಇವರಿಗೆ ಸಂಬಳ ಬೇರೆ.

ಸೊಸೆ ಎದ್ದಳು. “ಸಭಾಧ್ಯಕ್ಷರೇ, ಅದು ನಮ್ಮ ಮನೆ. ಬೆಳಗ್ಗೆ ಅಲ್ಲಿಂದಲೇ ತಿಂಡಿ ತಿಂದ್ಕೊಂಡು ಬಂದಿದ್ದೀನಿ.”

ಇಲ್ಲಿ ಒಂದು ವಿಷಯ ಹೇಳಬೇಕು. ಸದನದಲ್ಲಿ ಮಂತ್ರಿ ಆಡಿದ ಮಾತು, ಅವನೇ ಎದ್ದು ತಿದ್ದುವವರೆಗೂ ನಿಜ. ಅದು ಅಲ್ಲಿನ ಪದ್ಧತಿ. ಆದರೆ ಒಂದು ವರ್ಷದಲ್ಲಿ ಮೂರು ಸಲ ತಿದ್ದಿದರೆ ಮಂತ್ರಿಗಿರಿ ಬಿಟ್ಟು ಮನೆಗೆ ನಡೀಬೇಕು. ಪರಿಶೀಲನೆಗೆ ಆಗಲೇ ಎರಡು ಆಗಿತ್ತು. ಒಂದು, ತೀರಿಹೋದ ಡಾಕ್ಟರಿಗೆ ಬಡ್ತಿ ಕೊಟ್ಟಿದ್ದು. ಇನ್ನೊಂದು, ಕಣ್ಣಾಸ್ಪತ್ರೆಗೆ ಅಂತ ಕಳಿಸಿದ ಮಿಷನ್ನು ಹಿಟ್ಟಿನ ಗಿರಣಿಯದು ಅಂತ ಗೊತ್ತಾಗಿದ್ದು. ಮೂರನೇದಕ್ಕೆ ಅವನು ಸುತರಾಂ ತಯಾರಿರಲಿಲ್ಲ. ಹಣೆ ಬೆವರು ಒರೆಸಿಕೊಂಡು, “ಮಾನ್ಯ ಸದಸ್ಯರೇ ಅಲ್ಲಿ ವಾಸವಾಗಿದ್ದಾರೆ ಅಂದ ಮೇಲೆ ಆಸ್ಪತ್ರೆಯ ಸೌಲಭ್ಯ ಎಷ್ಟು ಚೆನ್ನಾಗಿರಬೇಕು, ಸದನವೇ ಯೋಚಿಸಲಿ” ಅಂತ ಕೂತ. ಆಡಳಿತ ಪಕ್ಷದವರು ಮೇಜು ಕುಟ್ಟಿದರು. ನಾನು ಟೀವಿ ಆರಿಸಿ ಅವನಿಗೂ ಅವನ ವಂಶಕ್ಕೂ ಸೇರಿಸಿ ಬೈದೆ.

ಮಾರನೇ ದಿನ ಬೋರ್ಡು ಬಂತು. ‘ಸರ್ಕಾರಿ ಹೆರಿಗೆ ಆಸ್ಪತ್ರೆ’. ಏಣಿ ಹಾಕಿ ನಮ್ಮ ಬಾಗಿಲ ಮೇಲೆ ಮೊಳೆ ಹೊಡೀತಿದ್ದವನನ್ನು ನಾನು ಪೊರಕೆ ಹಿಡಿದು ಓಡಿಸಬೇಕು ಅಂತ ಹೊರಟೆ. ಸೊಸೆ ತಡೆದಳು.

“ಬೇಡ ಅತ್ತೆ, ಹೊಡೀಲಿ ಬಿಡಿ. ಸುಳ್ಳು ಮುಚ್ಚೋಕೆ ಏನೇನು ಮಾಡ್ತಾರೋ ಮಾಡ್ಲಿ. ಅದೆಲ್ಲ ಸಾಕ್ಷಿ. ಸದನ ಸಮಿತಿಯನ್ನ ಕರ್ಕೊಂಡು ಬಂದು ತೋರಿಸ್ತೀನಿ. ಯಾವುದನ್ನೂ ಮುಟ್ಟಬೇಡಿ.”

ಸರಿ ಅಂದೆ. ಆದರೆ ಆ ಸಾಕ್ಷಿ ಬೋರ್ಡಿಗೇ ನಿಲ್ಲಲಿಲ್ಲ. ಎರಡು ದಿನಕ್ಕೆ ಒಂದು ಸಾಕ್ಷಿ ಟ್ರಂಕು ಹಿಡಿದು ಆಟೋದಿಂದ ಇಳಿಯಿತು. ದಪ್ಪಗೆ, ದೊಡ್ಡ ಗಂಟಲಿನ ಸಿಸ್ಟರ್. ವರ್ಗಾವಣೆ ಆಗಿದೆಯಂತೆ, ಇಲ್ಲಿಗೆ. ಅವಳ ಹಿಂದೆಯೇ ಒಬ್ಬ ಡಾಕ್ಟರು. ಪಾಪ, ಎಲ್ಲೆಲ್ಲೋ ವರ್ಗ ಮಾಡಿಸಿಕೊಂಡು ಸಾಕಾಗಿ ಹೋಗಿದ್ದ ಮನುಷ್ಯ, ಕೂತಲ್ಲೇ ಆಕಳಿಸೋನು. ನಾವು ಅವನಿಗೆ ಆಕಳಿಕೆ ಡಾಕ್ಟರು ಅಂತಲೇ ಹೆಸರಿಟ್ಟೆವು. ಆಮೇಲೆ ಒಂದು ಲಾರಿ ನಾಲ್ಕು ಕಬ್ಬಿಣದ ಮಂಚ, ಒಂದು ತೂಕದ ಯಂತ್ರ, ಒಂದು ಪರದೆ ಇಳಿಸಿ ಹೋಯಿತು. ನಮ್ಮ ನಡುಮನೆ ವಾರ್ಡ್ ಆಯ್ತು. ಮಗ ಸೊಸೆಯ ಕೋಣೆ ಹೆರಿಗೆ ಕೋಣೆ ಆಯ್ತು. ನನ್ನ ಕೋಣೆ ಔಷಧಿ ಇಡೋದಕ್ಕೆ ಹೋಗಿ, ನನ್ನ ಮಂಚವೂ ನಡುಮನೆಗೆ ಬಂತು. ಸಾಕ್ಷಿಗಳು ನಮ್ಮ ಅಡುಗೆಮನೆಯಲ್ಲಿ ಟೀ ಕಾಯಿಸಿಕೊಂಡು, ಸಕ್ಕರೆ ಎಲ್ಲಿಟ್ಟಿದ್ದೀರಿ ಅಂತ ನನ್ನನ್ನೇ ಕೇಳತೊಡಗಿದವು.

“ನಿನ್ನ ಸಾಕ್ಷಿಗಳ ಹೊಟ್ಟೆ ದೊಡ್ಡದು ಕಣೇ” ಅಂದೆ ಸೊಸೆಗೆ. ಅವಳು ನಕ್ಕಳು. ಅವಳ ಕಣ್ಣೆಲ್ಲ ಆ ಸಮಿತಿ ಮೇಲೆಯೇ.

ಈಗ ನನ್ನ ಬಸಿರಿನ ವಿಷಯ. ಮೇಲಧಿಕಾರಿಯೊಬ್ಬ ತಪಾಸಣೆಗೆ ಬರ್ತಾನೆ ಅಂತ ಸುದ್ದಿ ಬಂತು. ಸಿಸ್ಟರ್ ಓಡಿಬಂದು ನನ್ನ ಕೈ ಹಿಡಿದಳು. “ಅಜ್ಜಿ, ಒಂದು ಉಪಕಾರ ಮಾಡಿ. ಆಸ್ಪತ್ರೇಲಿ ಒಬ್ಬ ಪೇಷಂಟೂ ಇಲ್ಲ ಅಂದ್ರೆ ನನ್ನನ್ನ ಇನ್ನೆಲ್ಲಿಗೋ ಒಗೀತಾರೆ. ಮಗಳ ಪರೀಕ್ಷೆ ಇದೆ. ಸುಮ್ಮನೆ ಮಂಚದ ಮೇಲೆ ಮಲಗಿ, ಅಷ್ಟೇ ಸಾಕು.”

“ನಾನು ದಿನಾ ಮಧ್ಯಾಹ್ನ ಮಲಗೋಳೇ ತಾನೆ, ಅದರಲ್ಲೇನು ಉಪಕಾರ” ಅಂತ ನನ್ನ ಮಂಚದ ಮೇಲೆ ಹೋಗಿ ಮಲಗಿದೆ. ಆ ಮಂಚಕ್ಕೆ ಒಂದನೇ ನಂಬರ್ ಅಂತ ಚೀಟಿ ಅಂಟಿಸಿಬಿಟ್ಟರು. ಆಕಳಿಕೆ ಡಾಕ್ಟರು ಕೇಸ್ ಶೀಟ್ ಹಿಡಿದು ಬಂದ. ಹೆರಿಗೆ ಆಸ್ಪತ್ರೆಯ ಶೀಟಿನಲ್ಲಿ ಹೆರಿಗೆ ಬಿಟ್ಟು ಬೇರೆ ಕಾಯಿಲೆಗೆ ಜಾಗವೇ ಇಲ್ಲ. ಮಂಡಿನೋವು ಅಂತ ಬರೀರಿ ಅಂದೆ, ಜಾಗ ಇಲ್ಲ ಅಂದ. ದಾಖಲಾದ ಕಾರಣ ‘ಹೆರಿಗೆ ನಿರೀಕ್ಷೆ’ ಅಂತ ಬರೆದು, ಆಕಳಿಸಿ, ಹೋದ. ಅಧಿಕಾರಿ ಬಂದ, ಶೀಟ್ ನೋಡಿದ, ನನ್ನ ಮುಖ ನೋಡಿದ, ಮತ್ತೆ ಶೀಟ್ ನೋಡಿದ. “ಚೆನ್ನಾಗಿ ನೋಡ್ಕೊಳ್ಳಿ” ಅಂತ ಡಾಕ್ಟರಿಗೆ ಹೇಳಿ ಹೊರಟೇಹೋದ. ಕಾಗದದಲ್ಲಿ ಬರೆದದ್ದನ್ನು ಕಣ್ಣಾರೆ ಕಂಡದ್ದಕ್ಕೆ ತಾಳೆ ಹಾಕುವ ದುರಭ್ಯಾಸ ಅವನಿಗಿರಲಿಲ್ಲ.

ಮುಂದಿನ ವಾರ ಪರಿಶೀಲನೆ ಸದನದಲ್ಲಿ ಎದೆ ಉಬ್ಬಿಸಿಕೊಂಡು ಹೇಳಿದ: ಆಸ್ಪತ್ರೆಯಲ್ಲಿ ಒಬ್ಬ ಗರ್ಭಿಣಿ ದಾಖಲಾಗಿದ್ದಾರೆ, ಮಾನ್ಯ ಸದಸ್ಯರ ಅತ್ತೆಯವರೇ, ಸರ್ಕಾರ ಅವರ ಆರೈಕೆಯಲ್ಲಿ ಯಾವ ಕೊರತೆಯನ್ನೂ ಮಾಡಿಲ್ಲ. ಸದನ ಬಿದ್ದು ಬಿದ್ದು ನಕ್ಕಿತು. ಆದರೆ ಪದ್ಧತಿ ಪದ್ಧತಿಯೇ. ಮಂತ್ರಿ ಹೇಳಿಯಾಗಿತ್ತು, ಅವನು ತಿದ್ದಲಿಲ್ಲ, ನಾನು ಬಸುರಿ.

ಬೀದಿಯ ಹೆಂಗಸರು ಏನು ತಿನ್ನಬೇಕು ಅನ್ನಿಸ್ತಿದೆ ಅಂತ ಕೇಳಿಕೊಂಡು ಬಂದರು. ಮಗನ ಅಂಗಡಿಯಲ್ಲಿ, “ನಿಂಗೆ ತಮ್ಮನೋ ತಂಗಿಯೋ?” ಅಂತ ಗೋಳು ಹೊಯ್ದುಕೊಂಡರು. ಅವನು ಮನೆಗೆ ಬಂದು ಮುಖ ಊದಿಸಿಕೊಂಡು ಕೂತ. “ಸುಮ್ನಿರೋ, ಹೆರೋಳು ನಾನು, ನಿಂಗೇನು ಕಷ್ಟ” ಅಂದೆ.

ನಿಜ ಹೇಳ್ತೀನಿ, ಅಲ್ಲಿಯವರೆಗೂ ನನಗೆ ಇದೊಂದು ಹುಡುಗಾಟವಾಗಿತ್ತು. ಆಟ ಮುಗಿದದ್ದು ಇಸ್ತ್ರಿಯವನ ಹೆಂಡತಿಗೆ ನೋವು ಬಂದ ದಿನ. ಬೆಳಗ್ಗೆ ಎದುರಿಂದಲೇ ಕೂಗು ಕೇಳಿಸಿತು. ಇಸ್ತ್ರಿಯವನು ಕೆಂಡ ತುಂಬಿದ ಪೆಟ್ಟಿಗೆಯನ್ನು ಹಾಗೇ ಬಿಟ್ಟು ಹೆಂಡತಿಯನ್ನು ಎತ್ತಿಕೊಂಡು ಬೀದಿ ದಾಟಿದ. ಅವನಿಗೆ ಪದ್ಧತಿ ಗೊತ್ತಿಲ್ಲ, ಸದನ ಗೊತ್ತಿಲ್ಲ. ಬೋರ್ಡು ಕಂಡ, ಬಂದ. ನನ್ನ ಮಂಚವೇ ಹತ್ತಿರ ಸಿಕ್ಕಿತು, ಅದರ ಮೇಲೇ ಮಲಗಿಸಿದ.

ಆಕಳಿಕೆ ಡಾಕ್ಟರು ಎದ್ದು ನಿಂತ. ಆ ಮನುಷ್ಯ ಅಷ್ಟು ಎತ್ತರ ಇದ್ದಾನೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ತೋಳು ಮಡಚಿದ, ಕೈ ತೊಳೆದ, “ಸಿಸ್ಟರ್, ಬಿಸಿನೀರು. ಅಜ್ಜಿ, ನೀವು ಆಚೆ ಹೋಗಿ” ಅಂದ. ನಾನು ಅಡುಗೆಮನೆ ಹೊಸ್ತಿಲ ಮೇಲೆ ಕೂತೆ. ಆ ಹುಡುಗಿಯ ಒಂದೊಂದು ಕೂಗಿಗೂ ನನಗೆ ಜೀವ ಬಾಯಿಗೆ ಬರುತ್ತಿತ್ತು. ಅದೇ ಮಂಚ, ಅದೇ ನೋವು. ಈಗ ವ್ಯಾನು ತರಿಸಿ ಅಂತಾರೆ, ಈಗ ಗೇಟು ಅಂತಾರೆ ಅಂತ ಕಾಯುತ್ತಲೇ ಇದ್ದೆ. ಯಾರೂ ಅನ್ನಲಿಲ್ಲ. ಕೂಸು ಅತ್ತಿತು. ನಾನೂ ಹೋ ಅಂತ ಅತ್ತುಬಿಟ್ಟೆ, ಎಲ್ಲಿಂದ ಬಂತೋ ಅಷ್ಟು ಅಳು.

ಆಮೇಲೆ ಕೇಳಬೇಕೇ? ಸುದ್ದಿ ಹಬ್ಬಿತು. ಹಿಂದಿನ ಬೀದಿಯಿಂದ, ಗೇಟಿನ ಈಚೆ ಇರುವ ಎಲ್ಲ ಕಡೆಯಿಂದ ಬರತೊಡಗಿದರು. ನಾಲ್ಕೂ ಮಂಚ ತುಂಬಿತು. ಮಗ ಬೆಳಗ್ಗೆದ್ದು ಬಿಸಿನೀರು ಹೊತ್ತುಹೊತ್ತು, ಹೆರಿಗೆ ಹೊತ್ತನ್ನು ಸೆಕೆಂಡು ತಪ್ಪದ ಹಾಗೆ ಹೇಳಿ, ಕೊನೆಗೂ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಇರೋದನ್ನು ಕಲಿತ. ಸೊಸೆ ಸದನದಿಂದ ಬಂದರೆ ಮಲಗಲು ಜಾಗವಿಲ್ಲ. ಅಡುಗೆಮನೆಯಲ್ಲಿ ಒಲೆ ಪಕ್ಕ ಚಾಪೆ ಹಾಕಿಕೊಂಡು ನಾಳೆಯ ಭಾಷಣ ಬರೆಯೋಳು. ಆಚೆ ಕೂಸುಗಳು ಕಿರುಚುತ್ತಿದ್ದರೆ ಇವಳು ‘ಇಲ್ಲದ ಆಸ್ಪತ್ರೆ’ ಅಂತ ಬರೀತಿದ್ದಳು.

ಅಷ್ಟರಲ್ಲಿ ಅವಳ ದೂರಿಗೆ ಸಭಾಧ್ಯಕ್ಷರು ಒಪ್ಪಿದರು. ಮಂತ್ರಿ ಸದನಕ್ಕೆ ಸುಳ್ಳು ಹೇಳಿದ್ದಾನೋ ಇಲ್ಲವೋ ನೋಡಲು ಸಮಿತಿ ಬರುತ್ತೆ. ಮನೆ ನನ್ನ ಹೆಸರಲ್ಲಿ ಇರೋದರಿಂದ ನನ್ನ ಹೇಳಿಕೆಯೇ ಮುಖ್ಯ. ಅವಳ ಪಕ್ಷದ ಮುಖಂಡ ಫೋನ್ ಮೇಲೆ ಫೋನ್ ಮಾಡಿದ. ಮಂತ್ರಿ ಬಿದ್ದರೆ ಸರ್ಕಾರ ಅಲ್ಲಾಡುತ್ತೆ, ಸರ್ಕಾರ ಬಿದ್ದರೆ ಮುಂದಿನ ಆರೋಗ್ಯ ಮಂತ್ರಿ ನೀನೇ ಅಂತ ಸೊಸೆಗೆ ಆಸೆ ಹಚ್ಚಿದ.

ಸಮಿತಿ ಬರುವ ಹಿಂದಿನ ಸಂಜೆ ಸೊಸೆ ಪಾತ್ರೆ ತೊಳೆಯುತ್ತಾ ನನಗೆ ಪಾಠ ಹೇಳಿಕೊಟ್ಟಳು. “ಅತ್ತೆ, ಅವರು ಕೇಳೋದು ಒಂದೇ. ಇದು ಮನೆಯೋ ಆಸ್ಪತ್ರೆಯೋ? ಮನೆ ಅನ್ನಿ. ಅಷ್ಟೇ ಸಾಕು, ಅವನ ಕತೆ ಮುಗೀತು.”

“ಆಮೇಲೆ ಡಾಕ್ಟ್ರು, ಸಿಸ್ಟರ್?”

“ಅವರ ಆರ್ಡರ್ ರದ್ದಾಗುತ್ತೆ. ವಾಪಸ್ ಹೋಗ್ತಾರೆ.”

“ಮಂಚ?”

“ಅದೂ ಹೋಗುತ್ತೆ. ಆದ್ರೆ ನಾವು ಅಧಿಕಾರಕ್ಕೆ ಬಂದ್ಮೇಲೆ ನಿಜವಾದ ಆಸ್ಪತ್ರೆ ಕಟ್ಟಿಸ್ತೀವಿ ಅತ್ತೆ.”

“ಯಾವಾಗ?”

ಅವಳು ತೊಳೆದ ತಟ್ಟೆಯನ್ನೇ ಇನ್ನೊಂದು ಸಲ ತೊಳೆದಳು. “ಸುಳ್ಳನ್ನ ಸುಳ್ಳು ಅನ್ನಬೇಕಲ್ವಾ ಅತ್ತೆ? ಅದಕ್ಕೇ ತಾನೆ ಜನ ನನ್ನನ್ನ ಅಲ್ಲಿಗೆ ಕಳಿಸಿರೋದು” ಅಂದಳು. ಅದೂ ಸರಿಯೇ. ನಾನು ಹೂಂ ಅಂದೆ. ಮನೆ ಅಂತಲೇ ಹೇಳೋದು ಅಂತ ತೀರ್ಮಾನ ಮಾಡಿಕೊಂಡೇ ಮಲಗಿದೆ.

ಸಮಿತಿ ಬಂತು. ಎರಡೂ ಪಕ್ಷದವರು, ಮುಂದೆ ಕೋಲು ಹಿಡಿದ ವಯಸ್ಸಾದ ಅಧ್ಯಕ್ಷರು, ಹಿಂದೆ ಪರಿಶೀಲನೆ, ಮುಖ ಸುಣ್ಣ ಬಳಿದ ಹಾಗೆ. ಸಿಸ್ಟರ್ ಬಾಗಿಲಲ್ಲೇ ತಡೆದಳು. “ಯಾರ್ರೀ ಇಷ್ಟು ಜನ? ಇದು ನೋಡೋಕೆ ಬರೋ ಹೊತ್ತಲ್ಲ. ಮೆತ್ತಗೆ ಮಾತಾಡೋ ಹಾಗಿದ್ರೆ ಒಳಗೆ ಬನ್ನಿ.” ಸದನವನ್ನೇ ನಡುಗಿಸುವವರು ಬೆಕ್ಕಿನ ಹೆಜ್ಜೆ ಇಟ್ಟು ಒಳಗೆ ಬಂದರು. ನಾನು ಒಂದನೇ ನಂಬರ್ ಮಂಚದ ಮೇಲೆ ಕಾಲು ಚಾಚಿ ಕೂತಿದ್ದೆ.

ಅಧ್ಯಕ್ಷರು ಗಂಟಲು ಸರಿ ಮಾಡಿಕೊಂಡರು. ಆಗಲೇ ಬೀದಿಯಲ್ಲಿ ಭಾರಿ ಹಾರನ್ ಕೇಳಿಸಿತು. ನೋಡಿದರೆ ಬಸ್ಸು! ಆ ಸಣ್ಣ ಬೀದಿಗೆ ಅಷ್ಟು ದೊಡ್ಡ ಬಸ್ಸು ಹೇಗೆ ನುಗ್ಗಿತೋ, ಇಸ್ತ್ರಿ ಅಂಗಡಿಯ ಚಪ್ಪರ ಕಿತ್ತುಕೊಂಡೇ ಬಂದಿತ್ತು. ಕಂಡಕ್ಟರ್ ಒಂದು ಕಡೆ, ಬಸ್ಸಿನಲ್ಲಿದ್ದ ಯಾರೋ ಹೆಂಗಸು ಇನ್ನೊಂದು ಕಡೆ ಹಿಡಿದುಕೊಂಡು ತುಂಬುಬಸುರಿಯೊಬ್ಬಳನ್ನು ಒಳಗೆ ತಂದರು. “ದೊಡ್ಡಾಸ್ಪತ್ರೆಗೆ ಅಂತ ಹತ್ತಿದ್ರು ಸಿಸ್ಟರ್. ರೈಲ್ವೆ ಗೇಟು ಹಾಕಿದೆ. ಗೂಡ್ಸ್ ಗಾಡಿ ನಿಂತುಬಿಟ್ಟಿದೆ. ಇಲ್ಲೇ ಒಂದಿದೆಯಂತಲ್ಲ ಅಂತ ಗಾಡಿ ತಿರುಗಿಸಿದ್ವಿ” ಅಂದ ಕಂಡಕ್ಟರ್. ಸಮಿತಿಯವರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಡಾಕ್ಟರು ಹೆರಿಗೆ ಕೋಣೆ ಬಾಗಿಲು ಹಾಕಿಕೊಂಡ. ಬಸ್ಸಿನ ಜನ ಹೊರಗೆ ಇಳಿದು ನಿಂತು, ಟಿಕೆಟ್ಟು ವಾಪಸ್ ಕೇಳುವುದನ್ನೂ ಮರೆತು, ಕಿಟಕಿಯಲ್ಲಿ ಇಣುಕುತ್ತಿದ್ದರು.

ಅಧ್ಯಕ್ಷರು ದನಿ ತಗ್ಗಿಸಿ ಕೇಳಿದರು. “ಅಮ್ಮಾ, ನೀವು ಈ ಜಾಗದ ಮಾಲೀಕರು. ಯಾರಿಗೂ ಹೆದರಬೇಡಿ. ಇದು ಮನೆಯೋ ಆಸ್ಪತ್ರೆಯೋ?”

ನಾನು ಸೊಸೆ ಕಡೆ ನೋಡಿದೆ. ಅವಳು ಬಾಗಿಲ ಹತ್ತಿರ ಮುಷ್ಟಿ ಬಿಗಿ ಹಿಡಿದು ನಿಂತಿದ್ದಳು. ಗೂಡ್ಸ್ ಗಾಡಿ ಅನ್ನೋ ಮಾತು ಅವಳಿಗೂ ಕೇಳಿಸಿತ್ತು, ಅವಳ ಮುಖ ಬಿಳಿಚಿತ್ತು. ಒಳಗಿಂದ ಆ ಹೆಣ್ಣುಮಗಳು ಅಮ್ಮಾ ಅಂತ ಕೂಗಿದಳು. ಅಷ್ಟೇ. ನನ್ನ ತೀರ್ಮಾನ ಗಾಳಿಗೆ ಹೋಯಿತು.

“ಕಣ್ಣು ಕಾಣಲ್ವೇನಪ್ಪಾ? ಆಸ್ಪತ್ರೆ. ನಾನು ಇಲ್ಲಿನ ಪೇಷಂಟು” ಅಂದೆ.

ಪರಿಶೀಲನೆ ಹೋದ ಉಸಿರು ಬಂದವನ ಹಾಗೆ ಕುರ್ಚಿ ಮೇಲೆ ಕುಸಿದ. ಆ ಗುಂಪಿನಲ್ಲಿ ಯಾರೋ ಒಬ್ಬ ಪುಣ್ಯಾತ್ಮ, ವಿರೋಧ ಪಕ್ಷದವನೇ ಇರಬೇಕು, ಕೇಳಿದ: “ಹಾಗಾದ್ರೆ ನಿಮ್ಮ ಹೆರಿಗೆ ಯಾವಾಗಮ್ಮ?”

“ಸರ್ಕಾರಿ ಕೆಲಸ ಅಲ್ವೇನಪ್ಪ, ಸ್ವಲ್ಪ ತಡ ಆಗುತ್ತೆ” ಅಂದೆ.

ಸಮಿತಿ ಹೋಯಿತು. ಬಸ್ಸಿನವಳಿಗೆ ಗಂಡು ಕೂಸು ಆಯಿತು, ಬಸ್ಸಿನವರೆಲ್ಲ ಚಪ್ಪಾಳೆ ಹೊಡೆದು ಹತ್ತಿಕೊಂಡು ಹೊರಟರು. ಸೊಸೆ ಮಾತ್ರ ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದಳು. “ಯಾಕತ್ತೆ ಹೀಗೆ ನನ್ನ ಕೈಕಾಲು ಮುರಿದ್ರಿ?” ನಾನು ಬಾಯಿ ತೆಗೆಯುವ ಮೊದಲೇ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಊಟಕ್ಕೂ ಕರೆಯಲಿಲ್ಲ. ಇಷ್ಟು ವರ್ಷದಲ್ಲಿ ಅವಳು ನನ್ನೊಂದಿಗೆ ಜಗಳ ಆಡಿದ್ದಾಳೆ, ಕೂಗಾಡಿದ್ದಾಳೆ, ಮಾತು ಬಿಟ್ಟದ್ದು ಅದೇ ಮೊದಲು. ಮಗಳನ್ನು ಕಳೆದುಕೊಂಡಿದ್ದೆ, ಈಗ ಇವಳನ್ನೂ ಕಳೆದುಕೊಂಡೆನಾ ಅಂತ ಹೆದರಿಕೆ ಆಯಿತು.

ಮಾರನೇ ದಿನ ಅವಳು ಏನೂ ಹೇಳದೆ ಸದನಕ್ಕೆ ಹೋದಳು. ನಾನು ಟೀವಿ ಹಾಕಿದೆ. ವಾರ್ಡಿನ ಬಾಣಂತಿಯರೆಲ್ಲ ಕೂಸು ಕಂಕುಳಲ್ಲಿ ಇಟ್ಟುಕೊಂಡು ನನ್ನ ಮಂಚದ ಸುತ್ತ ಕೂತರು.

ಸೊಸೆ ಎದ್ದಳು. “ಸಭಾಧ್ಯಕ್ಷರೇ, ನನ್ನ ದೂರು ವಾಪಸ್ ತಗೋತೀನಿ. ಮಂತ್ರಿಗಳು ಹೇಳಿದ್ದು ನಿಜ. ಅದು ಆಸ್ಪತ್ರೆ.” ಆಡಳಿತ ಪಕ್ಷದವರು ಮೇಜು ಮುರಿದುಹೋಗೋ ಹಾಗೆ ಕುಟ್ಟಿದರು. ಅವಳ ಪಕ್ಷದ ಮುಖಂಡ ತಲೆ ಮೇಲೆ ಕೈ ಹೊತ್ತ. ಪರಿಶೀಲನೆ ಎದ್ದು ನಿಂತು ಅವಳಿಗೆ ಕೈ ಮುಗಿದ.

ಅವಳು ಕೂರಲಿಲ್ಲ. ಗಲಾಟೆ ಇಳಿಯೋವರೆಗೂ ನಿಂತೇ ಇದ್ದಳು. “ಮಂತ್ರಿಗಳು ಹೇಳಿದ್ದರಲ್ಲಿ ಅಷ್ಟು ಮಾತ್ರ ನಿಜ ಆದ್ರೆ ಸಾಲದು, ಎಲ್ಲವೂ ನಿಜ ಆಗಿರಬೇಕಲ್ವಾ? ಮೂವತ್ತು ಹಾಸಿಗೆ ಅಂದ್ರು. ಸಮಿತಿಯ ಕಣ್ಣಿಗೆ ಬಿದ್ದದ್ದು ನಾಲ್ಕು, ಐದನೇದು ನಮ್ಮತ್ತೆಯದು. ಆಪರೇಷನ್ ಕೋಣೆ ಅಂದ್ರು, ಅಲ್ಲಿ ನಮ್ಮ ಬಟ್ಟೆ ಒಗೆಯೋ ಕಲ್ಲಿದೆ. ಆಂಬುಲೆನ್ಸ್ ಅಂದ್ರು, ನಿನ್ನೆ ಬಸುರಿ ಬಂದದ್ದು ಸಿಟಿ ಬಸ್ಸಲ್ಲಿ. ರಕ್ತ ಅಂದ್ರು, ಫ್ರಿಜ್ಜಲ್ಲಿ ನಮ್ಮ ತರಕಾರಿ ಇದೆ. ಹಾಗಾದ್ರೆ ಉಳಿದದ್ದೆಲ್ಲ ಎಲ್ಲಿ? ಇದೆ ಅಂದ್ರೆ ಮುಂದಿನ ಅಧಿವೇಶನಕ್ಕೆ ಮೊದಲು ತೋರಿಸ್ಲಿ. ಇಲ್ಲ ಅಂದ್ರೆ ಎದ್ದು ಉತ್ತರ ತಿದ್ದಲಿ. ಮೂರನೇ ಸಲ.”

ಪರಿಶೀಲನೆ ಮುಗಿದ ಕೈಯನ್ನು ಬಿಡಿಸುವುದನ್ನೇ ಮರೆತು ನಿಂತಿದ್ದ. “ಅದು...” ಅಂದ. “ಪರಿ...” ಅಂದ. ಸಭಾಧ್ಯಕ್ಷರು, “ಕೆಲಸ ಮಾಡುತ್ತಿದೆ ಅಂತ ತಾವೇ ಹೇಳಿದ್ದೀರಿ ಮಂತ್ರಿಗಳೇ, ಇನ್ನು ಪರಿಶೀಲನೆ ಎಲ್ಲಿಂದ ಬಂತು?” ಅಂತ ಕೇಳಿದರು. ನಮ್ಮ ವಾರ್ಡಿನಲ್ಲಿ ಬಾಣಂತಿಯರು ಹೋ ಅಂತ ಕೂಗಿದ ಅಬ್ಬರಕ್ಕೆ ಕೂಸುಗಳೆಲ್ಲ ಎದ್ದು ಅಳತೊಡಗಿದವು. ಸಿಸ್ಟರ್ ನನ್ನನ್ನು ಸೇರಿಸಿ ಎಲ್ಲರಿಗೂ ಗದರಿದಳು.

ಸರ್ಕಾರ ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಲಾರಿ ಮೇಲೆ ಲಾರಿ ಬಂತು. ಮಾಳಿಗೆ ಮೇಲೆ ಗೋಡೆ ಎದ್ದಿತು, ಹಿತ್ತಲಿನ ಒಗೆಯುವ ಕಲ್ಲು ಕಿತ್ತು ಆಪರೇಷನ್ ಕೋಣೆ ಕಟ್ಟಿದರು, ಬಾಗಿಲಿಗೆ ಬಿಳೀ ಆಂಬುಲೆನ್ಸು ಬಂದು ನಿಂತಿತು. ಮೂವತ್ತು ಅಂದರೆ ಮೂವತ್ತು ಮಂಚ, ಒಂದು ಕಮ್ಮಿಯಾದರೂ ಮಂತ್ರಿಗಿರಿ ಹೋಗುತ್ತೆ ಅಂತ ಪರಿಶೀಲನೆ ತಾನೇ ಬಂದು ಎಣಿಸಿಹೋದ. ಇಸ್ತ್ರಿಯವನ ಚಪ್ಪರವನ್ನೂ ಹೊಸದಾಗಿ ಹಾಕಿಸಿಕೊಟ್ಟ. ಸೊಸೆಯನ್ನು ಅವಳ ಪಕ್ಷದವರು ಮುಂದಿನ ಸಾಲಿನಿಂದ ಎತ್ತಿ ಕಟ್ಟಕಡೆಯ ಸಾಲಿಗೆ ಒಗೆದರು, ಕಂಬದ ಹಿಂದೆ. ಈಗ ಟೀವಿಯಲ್ಲಿ ಅವಳ ಮೊಣಕೈ ಮಾತ್ರ ಕಾಣಿಸುತ್ತೆ.

ಇನ್ನು ಮನೆ. ಆಸ್ಪತ್ರೆಯಲ್ಲಿ ಸಂಸಾರ ಮಾಡೋ ಹಾಗಿಲ್ಲ. ಇಸ್ತ್ರಿ ಅಂಗಡಿ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದೆವು. ನಮ್ಮ ಮನೆಗೆ ಸರ್ಕಾರ ಬಾಡಿಗೆ ಕೊಡುತ್ತಂತೆ, ಅದು ಪರಿಶೀಲನೆಯಲ್ಲಿದೆಯಂತೆ. ಸಾಮಾನು ಸಾಗಿಸುವ ಹಿಂದಿನ ದಿನ ಸೊಸೆ ಬಂದು ನನ್ನ ಕಾಲ ಹತ್ತಿರ ಕೂತಳು.

“ಅತ್ತೆ, ಮಾವ ಕಟ್ಟಿಸಿದ ಮನೆ ಹೋಯ್ತಲ್ಲ.”

“ಹೋಗಲಿ ಬಿಡೇ. ನೀನು ಮಾತು ಬಿಟ್ಟೆಯಲ್ಲ, ಅವತ್ತೇ ನನಗೆ ಹೋಗಿತ್ತು ಮನೆ” ಅಂದೆ. ಅವಳು ನನ್ನ ಮಂಡಿ ಮೇಲೆ ತಲೆ ಇಟ್ಟಳು. ಮಂಡಿನೋವಿತ್ತು, ಆದರೂ ಕಾಲು ಸರಿಸಲಿಲ್ಲ.

ಹೊರಡುವ ಬೆಳಗ್ಗೆ ಸಿಸ್ಟರ್ ಕೇಸ್ ಶೀಟ್ ಹಿಡಿದು ಬಂದಳು. ನನ್ನನ್ನು ಡಿಸ್ಚಾರ್ಜ್ ಮಾಡಬೇಕಂತೆ. ತಪ್ಪಾಗಿ ದಾಖಲಾಗಿತ್ತು ಅಂತ ಬರೆದುಬಿಡು ಅಂದೆ. “ಅಯ್ಯೋ ಬೇಡಿ ಅಜ್ಜಿ, ಮಂತ್ರಿಗಳು ಸದನದಲ್ಲಿ ಹೇಳಿರೋದು. ತಪ್ಪು ಅಂದ್ರೆ ಅವರು ತಿದ್ದಬೇಕಾಗುತ್ತೆ, ಒಂದು ತಿದ್ದಿದ್ರೆ ಎಲ್ಲಾನೂ ಬಿಚ್ಕೊಳ್ಳುತ್ತೆ. ಏನಾದ್ರೂ ಒಂದು ಹೆರಿಗೆ ಆಯ್ತು ಅಂತಲೇ ಬರೀಬೇಕು” ಅಂದಳು. ಸೊಸೆ ಪಾತ್ರೆಗಳ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ನಗು ತಡೆದುಕೊಂಡು.

“ಕೂಸು ಯಾವುದು ಅಂತ ಬರೀಲಿ ಅಜ್ಜಿ? ಗಂಡೋ ಹೆಣ್ಣೋ?”

“ಹೆಣ್ಣು” ಅಂದೆ.

“ತಾಯಿ?”

“ಕ್ಷೇಮ.”

“ಮಗು?”

“ಕ್ಷೇಮ ಅಂತಲೇ ಬರಿ ತಾಯಿ. ಇಬ್ಬರೂ ಕ್ಷೇಮ.”

ಬಾಗಿಲಲ್ಲಿ ಸೊಸೆಯ ನಗು ನಿಂತುಹೋಯಿತು. ಸಿಸ್ಟರ್ ಬಗ್ಗಿ ಬರೆದಳು, ಆಮೇಲೆ ಹೆರಿಗೆ ಆದ ತಾರೀಖು ಯಾವುದು ಹಾಕ್ಲಿ ಅಂತ ಕೇಳಿದಳು. ನನ್ನ ಬಾಯಿಗೆ ಇನ್ಯಾವ ತಾರೀಖೂ ಬರಲಿಲ್ಲ. ಆ ವ್ಯಾನು ಹೊರಟಿತಲ್ಲ, ಆ ದಿನವನ್ನೇ ಹೇಳಿದೆ, ವರ್ಷ ಸಮೇತ.

ಸಿಸ್ಟರ್ ಪೆನ್ನು ಎತ್ತಿ ನನ್ನ ಮುಖ ನೋಡಿದಳು. “ಆಗ ಇಲ್ಲಿ ಆಸ್ಪತ್ರೆ ಇರ್ಲಿಲ್ಲವಲ್ಲ ಅಜ್ಜಿ.”

“ಇರ್ಲಿಲ್ಲ. ಇವತ್ತಿನದೇ ಹಾಕು” ಅಂದೆ.

ಅವಳು ಹಾಕಿದಳು, ನಾನು ಕೆಳಗೆ ಸಹಿ ಮಾಡಿದೆ. ಆಮೇಲೆ ನಾನೂ ಸೊಸೆಯೂ ಬುಟ್ಟಿಯನ್ನು ಆ ಕಡೆ ಒಬ್ಬರು ಈ ಕಡೆ ಒಬ್ಬರು ಹಿಡಿದುಕೊಂಡು, ಆಂಬುಲೆನ್ಸಿಗೆ ದಾರಿ ಬಿಟ್ಟು, ಬೀದಿ ದಾಟಿದೆವು.